ಡಿಜಾಕ್ಸಿನ್ ಮತ್ತು ಕ್ಲಾರಿಥ್ರೊಮೈಸಿನ್ ಔಷಧಗಳ ಅಂತರ್‌ಕ್ರಿಯೆ

ಹೃದಯ ಬಡಿತದ ವೇಗವನ್ನು ಹತೋಟಿಯಲ್ಲಿಡಲು ಕೊಡುವ ಡಿಜಾಕ್ಸಿನ್ ಮಾತ್ರೆಯ ಜೊತೆಗೆ ಕ್ಲಾರಿಥ್ರೊಮೈಸಿನ್ ಎಂಬ ಪ್ರತಿಜೀವಕವನ್ನು (ಆಂಟಿಬಯಾಟಿಕ್) ಸೇವಿಸಿದಾಗ ರಕ್ತದಲ್ಲಿ ಡಿಜಾಕ್ಸಿನ್ ಮಟ್ಟ ಏರಿ ಅದು ವಿಷವಾಗಿ ಪರಿಣಮಿಸಬಹುದು. ಎರಿಥ್ರೊಮೈಸಿನ್‌ನಿಂದಲೂ ಇಂಥ ಅಪಾಯವುಂಟು.

ಹಿನ್ನೆಲೆ

ಡಿಜಾಕ್ಸಿನ್ ಡಿಜಿಟಾಲಿಸ್ ಕುಲದ ಸಸ್ಯದಿಂದ ದೊರೆಯುತ್ತದೆ. ಇದೇ ಕುಲದ ಫಾಕ್ಸ್‌ಗ್ಲೋವ್ ಗಿಡದ ಔಷಧಗುಣವನ್ನು ಕುರಿತು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಪ್ರಮಾಣ ಮೀರಿದರೆ ವಾಂತಿಯಾಗುವುದನ್ನೂ ವಸ್ತುಗಳು ಹಸಿರು, ಹಳದಿಯಾಗಿ ಕಾಣುವುದನ್ನೂ ನಾಡಿ ತೀರ ನಿಧಾನವಾಗುವುದನ್ನೂ ಆತ ಅಂದೇ ದಾಖಲಿಸಿದ್ದನು. ಗುಣ ಕೊಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಿರಿದು.

ಕಾರಣ

ಕರುಳು ಮತ್ತು ಮೂತ್ರಪಿಂಡದ ಜೀವಕೋಶಗಳಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಸಾಗಣೆ ಪ್ರೋಟೀನ್ ಇರುತ್ತದೆ. ಬಾವಿಯ ನೀರನ್ನು ಮೇಲೆತ್ತಿ ಹೊರಚೆಲ್ಲುವ ಏತದಂತೆ ಅದು ಡಿಜಾಕ್ಸಿನ್ನನ್ನು ಜೀವಕೋಶದಿಂದ ಕರುಳಿಗೂ ಮೂತ್ರಕ್ಕೂ ತಳ್ಳುತ್ತದೆ. ಕ್ಲಾರಿಥ್ರೊಮೈಸಿನ್ ಈ ಪ್ರೋಟೀನಿನ ಕೆಲಸವನ್ನು ತಡೆಯುವುದರಿಂದ ಔಷಧ ಹೆಚ್ಚು ಹೀರಲ್ಪಡುತ್ತದೆ, ಕಡಿಮೆ ವಿಸರ್ಜನೆಯಾಗುತ್ತದೆ. ಇನ್ನೊಂದು ಕಾರಣವೂ ಉಂಟು. ಸುಮಾರು ಹತ್ತರಲ್ಲಿ ಒಬ್ಬರ ಕರುಳಿನಲ್ಲಿ ಡಿಜಾಕ್ಸಿನ್ನನ್ನು ನಿಷ್ಕ್ರಿಯಗೊಳಿಸುವ ಬ್ಯಾಕ್ಟೀರಿಯಾ ನೆಲೆಸಿದ್ದು, ಪ್ರತಿಜೀವಕವು ಅದನ್ನು ಕೊಂದಾಗ ಅದೇ ಮಾತ್ರೆ ಹೆಚ್ಚು ಪ್ರಬಲವಾಗುತ್ತದೆ. ಮೊದಲು ಮುಖ್ಯವೆಂದು ಭಾವಿಸಲಾಗಿದ್ದ ಈ ಕಾರಣಕ್ಕೆ ಈಗ ಎರಡನೆಯ ಸ್ಥಾನ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ವೃದ್ಧರನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಡಿಜಾಕ್ಸಿನ್ ವಿಷಬಾಧೆಯಿಂದ ಆಸ್ಪತ್ರೆ ಸೇರಿದವರು ಹಿಂದಿನ ವಾರದಲ್ಲಿ ಕ್ಲಾರಿಥ್ರೊಮೈಸಿನ್ ಪಡೆದಿದ್ದ ಸಾಧ್ಯತೆಯು ಡಿಜಾಕ್ಸಿನ್ ಸೇವಿಸುತ್ತಿದ್ದ ಇತರರಿಗಿಂತ ಸುಮಾರು 12 ಪಟ್ಟು ಹೆಚ್ಚಾಗಿತ್ತು.

ಲಕ್ಷಣಗಳು

ಹಸಿವಿಲ್ಲದಿರುವುದು, ಓಕರಿಕೆ, ವಾಂತಿ, ಗೊಂದಲ, ಹಳದಿ ದೃಷ್ಟಿ, ನಾಡಿಯ ನಿಧಾನಗತಿ ಇದರ ಲಕ್ಷಣಗಳು. ಹೊಟ್ಟೆ ತೊಳಸುವುದು ಪ್ರತಿಜೀವಕದ ಸಾಮಾನ್ಯ ಅಡ್ಡಪರಿಣಾಮವೂ ಆಗಿರುವುದರಿಂದ ಆರಂಭದ ಎಚ್ಚರಿಕೆ ಸುಲಭವಾಗಿ ಕೈತಪ್ಪುತ್ತದೆ. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದರೆ ಅಪಾಯ ಇನ್ನೂ ಹೆಚ್ಚು. ವೃದ್ಧರು ಮತ್ತು ಮೂತ್ರಪಿಂಡ ದುರ್ಬಲವಾದವರು ಬೇಗ ತುತ್ತಾಗುತ್ತಾರೆ.

ಮುನ್ನೆಚ್ಚರಿಕೆ ಮತ್ತು ಚಿಕಿತ್ಸೆ

ಸಾಧ್ಯವಾದರೆ ವೈದ್ಯರು ಬೇರೆ ಪ್ರತಿಜೀವಕವನ್ನು ಆರಿಸುತ್ತಾರೆ. ಅನಿವಾರ್ಯವಾದಾಗ ಡಿಜಾಕ್ಸಿನ್ ಪ್ರಮಾಣವನ್ನು ತಗ್ಗಿಸಿ ರಕ್ತದಲ್ಲಿ ಅದರ ಮಟ್ಟವನ್ನು ಪರೀಕ್ಷಿಸುತ್ತಾರೆ. ಮಾತ್ರೆ ನುಂಗಿ ಕನಿಷ್ಠ 6 ಗಂಟೆ ಕಳೆದ ಮೇಲೆ ತೆಗೆದ ರಕ್ತವಷ್ಟೇ ಇದಕ್ಕೆ ಯೋಗ್ಯ. ರೋಗಿಯು ತಾನಾಗಿ ಹೃದಯದ ಮಾತ್ರೆ ನಿಲ್ಲಿಸುವುದೂ ಅಪಾಯಕರವೇ. ಅಜಿಥ್ರೊಮೈಸಿನ್‌ನಿಂದ ಈ ತೊಂದರೆ ಕಡಿಮೆ. ಆದರೆ ಅಮಿಯೊಡರೋನ್, ಸೊಟಲಾಲ್ ಸೇವಿಸುವವರಲ್ಲಿ ಅದು ಬೇರೊಂದು ಬಗೆಯ ಲಯದೋಷವನ್ನು ಉಂಟುಮಾಡಬಲ್ಲದು. ತೀವ್ರ ವಿಷಬಾಧೆಗೆ ಡಿಜಾಕ್ಸಿನ್ನನ್ನು ಹಿಡಿದಿಡುವ ಪ್ರತಿಕಾಯದ ತುಣುಕುಗಳನ್ನು ರಕ್ತನಾಳದ ಮೂಲಕ ನೀಡಲಾಗುತ್ತದೆ.