ಡಿಕ್ಕಿಗೆ ಇನ್ನೆಷ್ಟು ಸೆಕೆಂಡು?

ಇಷ್ಟು ದೊಡ್ಡ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆಯುವುದಾದರೂ ಹೇಗೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಆಕಾಶ ದೊಡ್ಡದು ನಿಜ, ಆದರೆ ಅಲ್ಲೂ ದಾರಿಗಳಿವೆ, ಅವು ಊರಿನ ಹತ್ತಿರ ಒಂದುಗೂಡುತ್ತವೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747 ಮತ್ತು ಅಲ್ಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ಒಂದೇ ಹಾದಿಯಲ್ಲಿದ್ದವು. ಬೋಯಿಂಗ್‌ಗೆ 14,000 ಅಡಿ, ಇಲ್ಯೂಷಿನ್‌ಗೆ 15,000 ಅಡಿ ಎಂದು ನಿಯಂತ್ರಕರು ಹೇಳಿದ್ದರು. ಇಲ್ಯೂಷಿನ್ ಅದಕ್ಕಿಂತ ಕೆಳಗಿಳಿಯಿತು. ಆಗಿನ ದೆಹಲಿಯ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದಲ್ಲ. ಹರಿಯಾಣದ ಚರ್ಖಿ ದಾದ್ರಿಯಲ್ಲಿ 349 ಜನ ಸತ್ತರು. ಎರಡೂ ವಿಮಾನಗಳಲ್ಲಿ ಒಬ್ಬರೂ ಉಳಿಯಲಿಲ್ಲ.

ಎದುರಿನ ವಿಮಾನ ಪೈಲಟ್ ಕಣ್ಣಿಗೆ ಬೀಳುವುದಿಲ್ಲವೇ? ನೀವು ಕಾರಿನಲ್ಲಿ ಹೋಗುತ್ತಿದ್ದೀರಿ, ಮುಂದಿನ ಕೂಡುರಸ್ತೆಯ ಕಡೆಗೆ ಪಕ್ಕದ ದಾರಿಯಿಂದ ಲಾರಿಯೊಂದು ಬರುತ್ತಿದೆ ಎಂದುಕೊಳ್ಳಿ. ನಿಮ್ಮ ಗಾಜಿನಲ್ಲಿ ಲಾರಿ ಹಿಂದಕ್ಕೆ ಸರಿಯುತ್ತಿದ್ದರೆ ಮೊದಲು ದಾಟುವವರು ನೀವು. ಮುಂದಕ್ಕೆ ಸರಿಯುತ್ತಿದ್ದರೆ ಲಾರಿ. ಎತ್ತಲೂ ಸರಿಯದೆ ಗಾಜಿನ ಅದೇ ಜಾಗದಲ್ಲಿ ನಿಂತಂತಿದ್ದರೆ? ಇಬ್ಬರೂ ಒಂದೇ ಕ್ಷಣಕ್ಕೆ ಕೂಡುರಸ್ತೆಯಲ್ಲಿರುತ್ತೀರಿ. ಹಡಗು ನಡೆಸುವವರಿಗೆ ಇದು ಹಳೆಯ ಪಾಠ. ನಮ್ಮ ಕಣ್ಣು ಅಲುಗುವುದನ್ನು ಥಟ್ಟನೆ ಹಿಡಿಯುತ್ತದೆ, ಅಲುಗದ್ದನ್ನು ಬಿಟ್ಟುಬಿಡುತ್ತದೆ. ಬಂದು ಬಡಿಯಲಿರುವ ವಿಮಾನವೇ ಅಲುಗದ ಚುಕ್ಕೆ! ಅದು ದೊಡ್ಡದಾಗಿ ಕಾಣುವುದು ಕೊನೆಯ ಕೆಲವು ಸೆಕೆಂಡುಗಳಲ್ಲಿ. ಗಂಟೆಗೆ 830 ಕಿ.ಮೀ. ವೇಗದ ಎರಡು ಜೆಟ್‌ಗಳು ಎದುರುಬದುರಾದರೆ 10 ಕಿ.ಮೀ. ಅಂತರ 22 ಸೆಕೆಂಡಿಗೆ ಮುಗಿದುಹೋಗುತ್ತದೆ.

ಹಾಗಾದರೆ ಎಷ್ಟು ದೂರವಿದ್ದಾಗ ಎಚ್ಚರಿಸಬೇಕು? 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತಿದ್ದರು. ಆ ಕಾಲದಲ್ಲೇ ಬೆಂಡಿಕ್ಸ್ ಕಂಪನಿಯ ಜಾನ್ ಮೊರೆಲ್ ಈ ಪ್ರಶ್ನೆಯನ್ನೇ ಬದಲಿಸಿದರು. ದೂರವನ್ನು ಬಿಡಿ, ಸಮಯವನ್ನು ನೋಡಿ ಎಂದರು. ನಡುವಿನ ಅಂತರವನ್ನು ಅದು ಕಡಿಮೆಯಾಗುತ್ತಿರುವ ವೇಗದಿಂದ ಭಾಗಿಸಿದರೆ ಉಳಿದಿರುವ ಸೆಕೆಂಡುಗಳು ಸಿಗುತ್ತವೆ. ಈ ಅಳತೆಯ ಹೆಸರು 'ಟೌ'. ಶಾಲೆಯ ಮಕ್ಕಳೂ ಮಾಡಬಲ್ಲ ಭಾಗಾಕಾರ. ಎದುರಿನ ವಿಮಾನದ ಮೂತಿ ಎತ್ತ ಇದೆ, ಅದರ ವೇಗವೆಷ್ಟು ಎಂದು ಇದಕ್ಕೆ ಗೊತ್ತಿರಬೇಕಿಲ್ಲ. ವಿಮಾನಯಾನದಲ್ಲಿ ಇಷ್ಟು ಸರಳವಾಗಿ ಇಷ್ಟು ಜೀವ ಉಳಿಸಿದ ಲೆಕ್ಕ ಇನ್ನೊಂದಿರಲಾರದು.

ಡಿಕ್ಕಿ ತಪ್ಪಿಸಲು ಇಂದಿನ ವಿಮಾನಗಳಲ್ಲಿರುವ ಟಿಕ್ಯಾಸ್ ಯಂತ್ರದ ಜೀವಾಳ ಇದೇ ಟೌ. ಸುತ್ತಲಿನ ವಿಮಾನಗಳನ್ನು ಅದು ರೇಡಿಯೊ ಮೂಲಕ ಪ್ರಶ್ನಿಸುತ್ತದೆ. ಉತ್ತರ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ, ಎತ್ತರ ಉತ್ತರದಲ್ಲೇ ಇರುತ್ತದೆ. ತುಂಬ ಎತ್ತರದಲ್ಲಿ ಹಾರುವಾಗ 48 ಸೆಕೆಂಡು ಉಳಿದಿದ್ದರೆ 'ಟ್ರಾಫಿಕ್' ಎಂದು ಎಚ್ಚರಿಸುತ್ತದೆ, 35 ಸೆಕೆಂಡಿಗೆ 'ಏರು' ಅಥವಾ 'ಇಳಿ' ಎನ್ನುತ್ತದೆ. ಎರಡು ಯಂತ್ರಗಳು ತಮ್ಮಲ್ಲೇ ಮಾತಾಡಿಕೊಂಡು ಒಂದು ಏರಿದರೆ ಇನ್ನೊಂದು ಇಳಿಯುವಂತೆ ನೋಡಿಕೊಳ್ಳುತ್ತವೆ. ಎಡಕ್ಕೆ, ಬಲಕ್ಕೆ ಹೋಗು ಎನ್ನುವುದಿಲ್ಲ, ಏಕೆಂದರೆ ಅದರ ಆಂಟೆನಾಕ್ಕೆ ದಿಕ್ಕು ಅಷ್ಟು ಖಚಿತವಾಗಿ ತಿಳಿಯದು. ಚರ್ಖಿ ದಾದ್ರಿಯ ನಂತರ ಭಾರತದಲ್ಲೂ ಇಂಥ ಯಂತ್ರ ಕಡ್ಡಾಯವಾಯಿತು.

ಯಂತ್ರ ಬಂದಿದೆ, ಇನ್ನು ಭಯವಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್‌ಲಿಂಗೆನ್ ಮೇಲೆ ಎದುರಾದ ಎರಡೂ ವಿಮಾನಗಳಲ್ಲಿ ಟಿಕ್ಯಾಸ್ ಇತ್ತು. ರಷ್ಯದ ಟುಪೊಲೆವ್‌ಗೆ ನೆಲದ ನಿಯಂತ್ರಕ 'ಇಳಿಯಿರಿ' ಎಂದರು, ಯಂತ್ರ 'ಏರು' ಎಂದಿತು. ಪೈಲಟ್‌ಗಳು ನಿಯಂತ್ರಕರ ಮಾತು ಕೇಳಿದರು. ಅತ್ತ ಸರಕು ಸಾಗಿಸುತ್ತಿದ್ದ ಬೋಯಿಂಗ್ ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. 71 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಇಂಥ ಹೊತ್ತಿನಲ್ಲಿ ಯಂತ್ರದ ಮಾತೇ ಅಂತಿಮ ಎಂಬ ನಿಯಮ ಅಂತರರಾಷ್ಟ್ರೀಯವಾಗಿ ಸ್ಪಷ್ಟವಾದದ್ದು ಇದಾದ ಮೇಲೆ. ಒಂದು ವಿಮಾನ ಸೂಚನೆ ಮೀರಿದರೆ ಇನ್ನೊಂದಕ್ಕೆ ಕೊಟ್ಟ ಸೂಚನೆಯನ್ನೇ ತಿರುವಿಹಾಕುವ ಜಾಣ್ಮೆಯೂ ಟಿಕ್ಯಾಸ್‌ನ 7.1 ಆವೃತ್ತಿಯಲ್ಲಿ ಸುಧಾರಿಸಿತು.

ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಈ ಯಂತ್ರ 'ಏರು', 'ಇಳಿ' ಎನ್ನುವುದೇ ಇಲ್ಲ. ಅಲ್ಲಿ ಇಳಿಯಲು ಜಾಗವಿರುವುದಿಲ್ಲ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಸೇನೆಯ ಹೆಲಿಕಾಪ್ಟರ್‌ಗೆ ಡಿಕ್ಕಿಯಾಗಿ 67 ಜನ ಸತ್ತರಲ್ಲ, ಆ ಪ್ರಯಾಣಿಕ ವಿಮಾನ ಇದ್ದದ್ದು ಸುಮಾರು 300 ಅಡಿಯಲ್ಲಿ. 'ಟ್ರಾಫಿಕ್' ಎಂದಷ್ಟೇ ಅದರ ಪೈಲಟ್‌ಗಳಿಗೆ ಕೇಳಿಸಿತ್ತು.