ವಿದ್ಯುಚ್ಛಕ್ತಿ ಮತ್ತು ನೆರೆನಾಡುಗಳ ಸಹಕಾರ

ಕನ್ನಡದಲ್ಲಿ 'ನೆರೆ' ಎಂಬ ಎರಡಕ್ಷರದ ಶಬ್ದಕ್ಕೆ ಅರ್ಥಗಳು ಹಲವು. ಹೊಳೆಗೆ ಬರುವ ಪ್ರವಾಹವೂ ನೆರೆಯೇ; ಪಕ್ಕದ ಮನೆಯೂ ನೆರೆಯೇ; ಜಾತ್ರೆಗೆ ಜನರು ಕೂಡಿದರೆಂದು ಹೇಳುವಾಗ ಅದೇ ಶಬ್ದವು ಕ್ರಿಯಾಪದವಾಗಿ 'ನೆರೆದರು' ಎಂದಾಗುತ್ತದೆ. ನಿಘಂಟುಕಾರರು ಇವನ್ನು ಬೇರೆ ಬೇರೆ ಶಬ್ದಗಳೆಂದು ವಿಂಗಡಿಸುವುದುಂಟು. ಆದರೆ ಹಿಮಾಲಯದ ಮಡಿಲಲ್ಲಿ ಕಳೆದ ಅರ್ಧ ಶತಮಾನದಿಂದ ನಡೆದುಬಂದಿರುವ ಒಂದು ಮಹೋದ್ಯಮವನ್ನು ಅವಲೋಕಿಸಿದರೆ ಈ ಮೂರು ಅರ್ಥಗಳೂ ಒಂದೆಡೆ ಸೇರಿದಂತೆ ತೋರುತ್ತದೆ. ಅಲ್ಲಿ ಹೊಳೆಯ ನೆರೆಯು ನೆರೆನಾಡಿನ ಬೆಳಕಾಗಿ ಪರಿಣಮಿಸಿದೆ. ಭಾರತವು ಭೂತಾನ, ನೇಪಾಳ, ಬಾಂಗ್ಲಾದೇಶಗಳೊಡನೆ ಬೆಳೆಸಿಕೊಂಡಿರುವ ವಿದ್ಯುತ್ ಸಹಕಾರವೇ ಆ ಉದ್ಯಮ.

ವಿದ್ಯುಚ್ಛಕ್ತಿಯ ವಿಷಯದಲ್ಲಿ ನೆರೆಯವರ ಅಗತ್ಯವೇಕೆ ಎಂಬುದನ್ನು ಮೊದಲು ತಿಳಿಯಬೇಕು. ಜೋಳವನ್ನು ಬೆಳೆದ ರೈತನು ತನಗೆ ಬೇಕಾದಷ್ಟನ್ನು ಉಂಡು ಮಿಕ್ಕದ್ದನ್ನು ಹಗೇವಿನಲ್ಲಿ ತುಂಬಿ ಮಣ್ಣು ಮುಚ್ಚಿ ಬರಗಾಲಕ್ಕೆ ಕಾದಿಡಬಲ್ಲ. ವಿದ್ಯುತ್ತಿಗೆ ಅಂತಹ ಹಗೇವು ಇಲ್ಲ. ಅದು ಹುಟ್ಟಿದ ಕ್ಷಣದಲ್ಲಿಯೇ ವ್ಯಯವಾಗಬೇಕು. ಬೇಕೆಂದ ಕ್ಷಣದಲ್ಲಿಯೇ ಹುಟ್ಟಬೇಕು. ಬ್ಯಾಟರಿಗಳಲ್ಲಿ ತುಂಬಿಡುವ ವಿದ್ಯೆ ಈಗ ಬೆಳೆಯುತ್ತಿದೆ, ನೀರನ್ನು ಮರಳಿ ಮೇಲಕ್ಕೆತ್ತಿ ಕಾದಿಡುವ ಉಪಾಯವೂ ಇದೆ, ದಿಟ. ಆದರೂ ಮಳೆಗಾಲದ ವಿದ್ಯುತ್ತನ್ನು ಒಂದು ದೇಶಕ್ಕಾಗುವಷ್ಟು ಚಳಿಗಾಲದವರೆಗೆ ಕೂಡಿಡುವುದು ಅವುಗಳಿಂದ ಇನ್ನೂ ಆಗಿಲ್ಲ. ಆದುದರಿಂದ ಹೆಚ್ಚಾದಾಗ ಕೊಡಲು ಮತ್ತು ಕಡಿಮೆಯಾದಾಗ ತರಲು ನೆರೆಮನೆಯೊಂದು ಬೇಕು. ವಿದ್ಯುತ್ತಿಗೆ ನೆರೆಯವನ ಅಂಗಳವೇ ಹಗೇವು ಎನ್ನಬಹುದು. ಪರರ ಅಂಗಳದಲ್ಲಿರುವ ಹಗೇವೆಂದ ಮೇಲೆ ಅಲ್ಲಿ ವಿಶ್ವಾಸ ಎಷ್ಟು ಬೇಕೋ ಎಚ್ಚರಿಕೆಯೂ ಅಷ್ಟೇ ಬೇಕು.

ದೂರದ ನೀರಿನಿಂದ ಬೆಳಕು ತರುವ ಕೆಲಸದಲ್ಲಿ ಕನ್ನಡ ನಾಡು ಹಳೆಯ ಪಳಗಿದ ಕೈ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಧುಮುಕಿನಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ತಂತಿಯೆಳೆದು ವಿದ್ಯುತ್ತನ್ನು ಒಯ್ದಾಗ, ಅದು ಜಗತ್ತಿನ ಅತಿ ಉದ್ದದ ವಿದ್ಯುನ್ಮಾರ್ಗಗಳ ಪಂಕ್ತಿಯಲ್ಲಿ ಎಣಿಸಲ್ಪಟ್ಟಿತು. ಆ ಗಣಿಗಳ ಕೆಲಸ 2001ರಲ್ಲಿ ನಿಂತಿತು. ಅದಾದ ಎರಡೇ ವರ್ಷಗಳಲ್ಲಿ, 2003ರಲ್ಲಿ, ಒಡಿಶಾದ ತಾಲ್ಚೇರಿನ ಕಲ್ಲಿದ್ದಲ ಸ್ಥಾವರದಿಂದ ಸುಮಾರು 1,370 ಕಿಲೋಮೀಟರು ನಡೆದುಬಂದ ಇನ್ನೊಂದು ಮಾರ್ಗವು ಅದೇ ಕೋಲಾರದ ಸೀಮೆಯಲ್ಲಿ ಬಂದಿಳಿಯಿತು. ಶತಮಾನದ ಆದಿಯಲ್ಲಿ ಒಂದು ಸಂಸ್ಥಾನದೊಳಗೆ ನಡೆದ ಕೆಲಸವು ಶತಮಾನ ಕಳೆಯುವಷ್ಟರಲ್ಲಿ ರಾಜ್ಯರಾಜ್ಯಗಳ ನಡುವಣ ಕೆಲಸವಾಗಿತ್ತು. ಅದನ್ನೇ ದೇಶದೇಶಗಳ ನಡುವೆ ನಡೆಸುವುದು ಮುಂದಿನ ಹೆಜ್ಜೆ.

ಆ ಹೆಜ್ಜೆಯ ಅತ್ಯುತ್ತಮ ನಿದರ್ಶನ ಭೂತಾನ. ವಿಸ್ತೀರ್ಣ ಸುಮಾರು 38 ಸಾವಿರ ಚದರ ಕಿಲೋಮೀಟರು. 2017ರ ಗಣತಿಯಂತೆ ಜನಸಂಖ್ಯೆ ಏಳು ಲಕ್ಷದ ಇಪ್ಪತ್ತೇಳು ಸಾವಿರದಷ್ಟು. ಸಮುದ್ರವಿಲ್ಲ, ಎಣ್ಣೆಯ ಬಾವಿಯಿಲ್ಲ; ಇರುವುದು ಕಾಡು, ಕಡಿದಾದ ಕಣಿವೆ ಮತ್ತು ಹಿಮದಿಂದಲೂ ಮಳೆಯಿಂದಲೂ ತುಂಬಿ ದಕ್ಷಿಣಾಭಿಮುಖವಾಗಿ ಧಾವಿಸುವ ನದಿಗಳು. 1961ರಲ್ಲಿ ಪಶ್ಚಿಮ ಬಂಗಾಳದ ಗಡಿಯ ಜಲಢಾಕಾ ನದಿಯ ಯೋಜನೆಗಾಗಿ ಉಭಯ ದೇಶಗಳು ಒಪ್ಪಂದ ಮಾಡಿಕೊಂಡವು. ಅದು ಚಿಕ್ಕ ಆರಂಭ. 1974ರ ಮಾರ್ಚಿಯಲ್ಲಿ ಚುಖಾ ಯೋಜನೆಯ ಒಪ್ಪಂದಕ್ಕೆ ಸಹಿ ಬಿದ್ದಾಗ ನಿಜವಾದ ಅಧ್ಯಾಯ ತೆರೆಯಿತು. ವಾಂಗ್‌ಛು ನದಿಗೆ ಅಡ್ಡಗಟ್ಟಿ 336 ಮೆಗಾವಾಟ್ ಸಾಮರ್ಥ್ಯದ ಸ್ಥಾವರವನ್ನು ಭಾರತವು ಕಟ್ಟಿಕೊಡುವುದೆಂದೂ, ವೆಚ್ಚದಲ್ಲಿ ನೂರಕ್ಕೆ 60 ಪಾಲು ಮರಳಿಸಬೇಕಿಲ್ಲದ ಅನುದಾನ, 40 ಪಾಲು ಶೇಕಡಾ 5ರ ಬಡ್ಡಿಯ ಸಾಲವೆಂದೂ, ಭೂತಾನದ ಅಗತ್ಯ ಕಳೆದು ಮಿಕ್ಕ ವಿದ್ಯುತ್ತನ್ನೆಲ್ಲ ಭಾರತವೇ ಕೊಳ್ಳುವುದೆಂದೂ ನಿಶ್ಚಯವಾಯಿತು. 1986ರಿಂದ 1988ರವರೆಗೆ ಅದರ ನಾಲ್ಕು ಯಂತ್ರಗಳು ಒಂದೊಂದಾಗಿ ತಿರುಗತೊಡಗಿದವು.

ಈ ಒಪ್ಪಂದದ ಜಾಣ್ಮೆ ಅದರ ಕೊನೆಯ ಅಂಶದಲ್ಲಿದೆ. ಬಡ ದೇಶಕ್ಕೆ ಸಾಲ ಕೊಡುವವರು ಜಗತ್ತಿನಲ್ಲಿ ವಿರಳರಲ್ಲ. ಆದರೆ ಆ ಸಾಲದಿಂದ ತಯಾರಾದ ಸರಕನ್ನು ತಾನೇ ಕೊಳ್ಳುವೆನೆಂದು ಮೊದಲೇ ಮಾತುಕೊಡುವ ಸಾಲಗಾರ ವಿರಳ. ಕೊಳ್ಳುವವನು ನಿಶ್ಚಿತನಾದುದರಿಂದ ಭೂತಾನಕ್ಕೆ ಸಾಲ ತೀರಿಸುವ ದಾರಿ ಮೊದಲ ದಿನದಿಂದಲೇ ತೆರೆದಿತ್ತು. ದರವನ್ನೂ ಕಾಲಕಾಲಕ್ಕೆ ಏರಿಸಲಾಯಿತು. ಪೂರ್ವಭಾಗದ ಕುರಿಛು ನದಿಯಲ್ಲಿ 60 ಮೆಗಾವಾಟಿನ ಸ್ಥಾವರ 2001ರ ಹೊತ್ತಿಗೆ ಎದ್ದಿತು. ಚುಖಾದ ಕೆಳಭಾಗದಲ್ಲಿ ಅದೇ ವಾಂಗ್‌ಛುವಿನ ನೀರನ್ನು ಸುಮಾರು 23 ಕಿಲೋಮೀಟರಿನ ಸುರಂಗದಲ್ಲಿ ಹಾಯಿಸಿ 1,020 ಮೆಗಾವಾಟ್ ಉತ್ಪಾದಿಸುವ ತಾಲಾ ಸ್ಥಾವರವು 2006-07ರಲ್ಲಿ ಪೂರ್ತಿಯಾಯಿತು. ಆ ವಿದ್ಯುತ್ತು ಸಿಲಿಗುರಿಯನ್ನು ಹಾದು ದೆಹಲಿಯ ಹತ್ತಿರದವರೆಗೆ ಹೋಗಲು ಪ್ರತ್ಯೇಕ ಮಾರ್ಗವನ್ನೇ ಎಳೆಯಲಾಯಿತು. 2007ರಲ್ಲಿ ಭೂತಾನದ ಆರ್ಥಿಕ ಬೆಳವಣಿಗೆ ಶೇಕಡಾ 17ನ್ನು ಮೀರಿತು. ಒಂದೇ ಸ್ಥಾವರವು ಒಂದು ದೇಶದ ಲೆಕ್ಕಪುಸ್ತಕವನ್ನೇ ಬದಲಿಸಿದ ಇಂತಹ ಉದಾಹರಣೆ ಬಹುಶಃ ಇನ್ನೊಂದಿಲ್ಲ. ಆ ದೇಶದಲ್ಲಿ ಹತ್ತನೆಯ ತರಗತಿಯವರೆಗೆ ಶಿಕ್ಷಣ ಉಚಿತ. ಮೂಲ ವೈದ್ಯೋಪಚಾರವೂ ಉಚಿತ. ಕಾಡು ಎಂದೆಂದಿಗೂ ನೂರಕ್ಕೆ 60 ಪಾಲಿಗಿಂತ ಕಡಿಮೆಯಾಗಬಾರದೆಂದು 2008ರ ಸಂವಿಧಾನದಲ್ಲಿಯೇ ಬರೆಯಲಾಗಿದೆ. ಮರ ಕಡಿದು ಮಾರದೆ ಇವನ್ನೆಲ್ಲ ನಡೆಸುವುದಕ್ಕೆ ನೀರಿನ ವರಮಾನವು ದೊಡ್ಡ ಆಸರೆಯಾಗಿದೆ.

ಇಲ್ಲಿ ಶರಾವತಿಯನ್ನು ಬಲ್ಲವರು ಗಮನಿಸಬೇಕಾದ ಭೇದವೊಂದಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಜಲಾಶಯವು ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯವರೆಗೂ ಉಣಿಸುತ್ತದೆ. ಭೂತಾನದ ಸ್ಥಾವರಗಳಿಗೆ ಅಂತಹ ಹೊಟ್ಟೆಯಿಲ್ಲ. ಹರಿದುಬಂದ ನೀರನ್ನು ಹರಿದಂತೆಯೇ ಬಳಸಿ ಮುಂದಕ್ಕೆ ಬಿಡುತ್ತವೆ. ಊರುಗಳು ಮುಳುಗದಿರುವುದು ಇದರ ಗುಣ. ಜೂನಿನಿಂದ ಸೆಪ್ಟೆಂಬರಿನವರೆಗೆ ಯಂತ್ರಗಳೆಲ್ಲ ಪೂರ್ಣಶಕ್ತಿಯಿಂದ ತಿರುಗಿ, ಜನವರಿಯ ಹೊತ್ತಿಗೆ ಉತ್ಪಾದನೆ ಸಣ್ಣದೊಂದು ಪಾಲಿಗೆ ಇಳಿದುಬಿಡುವುದು ಇದರ ದೋಷ. ಚಳಿಯ ರಾತ್ರಿಗಳಲ್ಲಿ ಥಿಂಫುವಿನ ಮನೆಗಳು ಕಾವನ್ನು ಬೇಡುವುದು ಸರಿಯಾಗಿ ಆಗಲೇ. ಭಾರತದ ಬಯಲುಸೀಮೆಯಲ್ಲಾದರೋ ಸೆಕೆಯ ತಿಂಗಳುಗಳಲ್ಲಿ ಬೇಡಿಕೆ ಏರಿ ಚಳಿಯಲ್ಲಿ ಇಳಿಯುವ ಪ್ರದೇಶಗಳು ಬಹಳ. ಹೀಗೆ ಒಬ್ಬರ ಸುಗ್ಗಿ ಇನ್ನೊಬ್ಬರ ಬರಕ್ಕೆ ಹೊಂದುತ್ತದೆ. ಮಳೆಗಾಲದಲ್ಲಿ ಮಾರುವ ಭೂತಾನ ಚಳಿಗಾಲದಲ್ಲಿ ಭಾರತದಿಂದ ಕೊಳ್ಳುತ್ತದೆ. ಕೊಡುವವನೇ ಬೇಡುವವನೂ ಆಗುವ ಈ ಸಂಬಂಧದಲ್ಲಿ ಯಾರೂ ಸದಾ ದೊಡ್ಡವರಲ್ಲ.

ಆದರೂ ಚಿತ್ರವೆಲ್ಲ ಹಸನಲ್ಲ. 2009ರಲ್ಲಿ ಉಭಯ ದೇಶಗಳು 2020ರೊಳಗೆ 10,000 ಮೆಗಾವಾಟ್ ಉತ್ಪಾದಿಸುವ ಸಂಕಲ್ಪ ಮಾಡಿದವು. ಅದು ಅವಧಿಯೊಳಗೆ ಕೈಗೂಡಲಿಲ್ಲ. 1,200 ಮೆಗಾವಾಟಿನ ಮೊದಲನೆಯ ಪುನಾತ್ಸಾಂಗ್‌ಛು ಯೋಜನೆಯ ಕೆಲಸ 2008ರಲ್ಲಿ ಆರಂಭವಾಯಿತಾದರೂ, 2013ರಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜರುಗಿ ಕೆಲಸ ವರ್ಷಗಟ್ಟಲೆ ಸಿಕ್ಕಿಬಿದ್ದಿತು. ಅಂದಾಜು ವೆಚ್ಚ ಎರಡು ಪಟ್ಟನ್ನೂ ದಾಟಿತು. ಹಿಮಾಲಯವು ಇನ್ನೂ ಎಳೆಯ ಪರ್ವತ. ಅದರ ಗುಡ್ಡಗಳು ಕಾಗದದ ಮೇಲಿನ ಲೆಕ್ಕಕ್ಕೆ ತಲೆಬಾಗುವುದಿಲ್ಲ. 720 ಮೆಗಾವಾಟಿನ ಮಂಗ್ದೆಛು 2019ರಲ್ಲಿ, 1,020 ಮೆಗಾವಾಟಿನ ಎರಡನೆಯ ಪುನಾತ್ಸಾಂಗ್‌ಛು 2025ರಲ್ಲಿ ಉದ್ಘಾಟನೆಗೊಂಡವು ಎಂಬುದು ಸಮಾಧಾನದ ಸಂಗತಿ. ಆದರೆ ಈ ಹೊಸ ಯೋಜನೆಗಳ ಹಣಕಾಸಿನ ಪ್ರಮಾಣ ತಿರುವುಮುರುವಾಗಿದೆ: ಅನುದಾನ 30 ಪಾಲು, ಸಾಲ 70 ಪಾಲು, ಬಡ್ಡಿ ಶೇಕಡಾ 10. ಕೆಲಸ ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಬಡ್ಡಿ ಬೆಳೆದಷ್ಟೂ ವಿದ್ಯುತ್ತಿನ ದರ ಏರಬೇಕು.

ದಾಸೋಹದ ಪರಂಪರೆಯಲ್ಲಿ ಬೆಳೆದವರಿಗೆ ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಹೊಸತಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ; ದಾಸೋಹದಲ್ಲಿ ನೀಡುವವನೇ ಬಾಗಿ ನಿಲ್ಲುತ್ತಾನೆ. ರಾಷ್ಟ್ರಗಳ ವ್ಯವಹಾರದಲ್ಲಿ ದಾಸೋಹವನ್ನು ಅಪೇಕ್ಷಿಸುವುದು ಭೋಳೆತನವೆನಿಸೀತು. ಆದರೂ ಚುಖಾ ಕಾಲದ ಕರಾರಿನಲ್ಲಿ ಆ ಭಾವದ ಒಂದು ಎಳೆಯಿತ್ತೆಂದೂ, ಈಚಿನ ಕರಾರುಗಳಲ್ಲಿ ಸಾಹುಕಾರಿಕೆಯ ಲೆಕ್ಕ ಮುಂದಾಗಿದೆಯೆಂದೂ ಹೇಳಿದರೆ ಅನ್ಯಾಯವಾಗದು. ಏಳು ಲಕ್ಷ ಜನರ ದೇಶದ ಸಾಲದಲ್ಲಿ ಬಹುಭಾಗ ಜಲವಿದ್ಯುತ್ತಿನದೇ ಆದಾಗ, ಅದರ ಭಾರವನ್ನು ಅಳೆಯುವ ತಕ್ಕಡಿ ದೊಡ್ಡ ದೇಶದ ತಕ್ಕಡಿಯಾಗಿರಲಾಗದು.

ನೆರೆಯವರು ಒಬ್ಬರಿಗೊಬ್ಬರು ಒದಗಿದ ಇನ್ನೊಂದು ವೃತ್ತಾಂತ ತ್ರಿಪುರದ ಪಾಲಾಟಾನಾದ್ದು. ಅಲ್ಲಿ ನೈಸರ್ಗಿಕ ಅನಿಲದಿಂದ ನಡೆಯುವ 726 ಮೆಗಾವಾಟಿನ ಸ್ಥಾವರವನ್ನು ಕಟ್ಟಲು ಹೊರಟಾಗ, ಬೃಹದ್ಯಂತ್ರಗಳನ್ನು ಒಯ್ಯುವುದೇ ಸಮಸ್ಯೆಯಾಯಿತು. ಸಿಲಿಗುರಿಯ ಇಕ್ಕಟ್ಟಿನ ನೆಲವನ್ನು ದಾಟಿ ಅಸ್ಸಾಮಿನ ಗುಡ್ಡದ ತಿರುವುಗಳಲ್ಲಿ ಅಂತಹ ಭಾರ ಸಾಗುವಂತಿರಲಿಲ್ಲ. ಬಾಂಗ್ಲಾದೇಶವು ತನ್ನ ನದಿಗಳಲ್ಲಿ ಆಶುಗಂಜ್ ಬಂದರಿನವರೆಗೂ, ಅಲ್ಲಿಂದ ತನ್ನ ರಸ್ತೆಗಳಲ್ಲಿ ಗಡಿಯವರೆಗೂ ಯಂತ್ರಗಳಿಗೆ ದಾರಿ ಕೊಟ್ಟಿತು. ಸ್ಥಾವರದ ಮೊದಲ ಘಟಕ 2013ರಲ್ಲಿ ಲೋಕಾರ್ಪಣೆಯಾಯಿತು. 2016ರ ಮಾರ್ಚಿಯಿಂದ ತ್ರಿಪುರದ ಕಡೆಯಿಂದ ಕುಮಿಲ್ಲಾಕ್ಕೆ 100 ಮೆಗಾವಾಟ್ ವಿದ್ಯುತ್ತು ಹರಿಯಿತು. ಅದೇ ದಿನ ಬಾಂಗ್ಲಾದೇಶದ ಕಡೆಯಿಂದ ತ್ರಿಪುರಕ್ಕೆ ಅಂತರ್ಜಾಲದ ಸಂಪರ್ಕವೂ ಬಂದಿತು. ದಾರಿ ಕೊಟ್ಟವರ ಮನೆಗೆ ಬೆಳಕು ಹೋದ ಈ ಕಥೆಯನ್ನು ಶಾಲೆಯ ಮಕ್ಕಳಿಗೆ ಭೂಗೋಳದ ಪಾಠದಲ್ಲಿ ಹೇಳಬಹುದು.

ನೇಪಾಳದ ಕಥೆ ಮಾತ್ರ ತಡವರಿಸಿಕೊಂಡೇ ನಡೆದಿದೆ. 1954ರ ಕೋಸಿ ಹಾಗೂ 1959ರ ಗಂಡಕ್ ಒಪ್ಪಂದಗಳಲ್ಲಿ ಲಾಭವೆಲ್ಲ ಕೆಳಗಿನವರಿಗೆ ಹೋಯಿತೆಂಬ ಕೊರಗು ಅಲ್ಲಿಯ ಜನಮನದಲ್ಲಿ ಉಳಿದುಹೋಯಿತು. 1996ರ ಮಹಾಕಾಳಿ ಒಪ್ಪಂದದ ಪಂಚೇಶ್ವರ ಯೋಜನೆ ಇನ್ನೂ ಮೇಲೆದ್ದಿಲ್ಲ. ಸಂಶಯದ ಬೆಲೆಯನ್ನು ತೆತ್ತವರು ಸಾಮಾನ್ಯ ಜನರು: ಆರು ಸಾವಿರ ನದಿಗಳ ನಾಡೆಂದು ಹೆಸರಾದ ಆ ದೇಶದಲ್ಲಿ 2008-09ರ ಚಳಿಗಾಲದಲ್ಲಿ ದಿನಕ್ಕೆ 16 ಗಂಟೆಗಳವರೆಗೂ ದೀಪವಿರಲಿಲ್ಲ. 2016ರಲ್ಲಿ ಬಿಹಾರದ ಮುಜಫ್ಫರಪುರದಿಂದ ಢಲ್ಕೆಬಾರಿಗೆ ದೊಡ್ಡ ಮಾರ್ಗವೊಂದು ತೆರೆದಾಗ ಭಾರತದ ವಿದ್ಯುತ್ತು ಧಾರಾಳವಾಗಿ ಬರತೊಡಗಿತು. ಒಳಾಡಳಿತದ ಸುಧಾರಣೆಯೂ ಕೂಡಿ ಕಠ್ಮಂಡುವಿನ ಕತ್ತಲೆ ಕಳೆಯಿತು. ಈಗ ಮಳೆಗಾಲದಲ್ಲಿ ಅದೇ ಮಾರ್ಗದಲ್ಲಿ ನೇಪಾಳದ ವಿದ್ಯುತ್ತು ತಿರುಗಿ ಭಾರತಕ್ಕೆ ಬರುತ್ತಿದೆ.

ಭದ್ರತೆಯ ಪ್ರಶ್ನೆಗೆ ಎರಡು ಮುಖಗಳಿವೆ. ಕೂಡಿಕೊಂಡವರಿಗೆ ಬಲ ಬರುವಂತೆ ಒಬ್ಬರ ಬೇನೆ ಇನ್ನೊಬ್ಬರಿಗೆ ತಗಲುವುದೂ ಉಂಟು. ಒಂದೇ ಜಾಲದ ಯಂತ್ರಗಳೆಲ್ಲ ಜೋಡಿ ಎತ್ತುಗಳಂತೆ ಒಂದೇ ಲಯದಲ್ಲಿ, ಸೆಕೆಂಡಿಗೆ 50 ಆವರ್ತನಗಳಂತೆ, ಹೆಜ್ಜೆಯಿಡಬೇಕು. ಒಂದು ಎಡವಿದರೆ ನೊಗ ಎಳೆಯುವ ಮತ್ತೊಂದಕ್ಕೂ ಪೆಟ್ಟು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದಾಗ, ಎರಡನೆಯ ದಿನ ಪೂರ್ವ ಹಾಗೂ ಈಶಾನ್ಯದ ಜಾಲಗಳೂ ಜೊತೆಗೆ ಬಿದ್ದು ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ದಕ್ಷಿಣವು ಅಂದು ಆ ಲಯಕ್ಕೆ ಕಟ್ಟುಬಿದ್ದಿರಲಿಲ್ಲ, ಆದುದರಿಂದ ಉಳಿಯಿತು. ಆದರೂ ಪ್ರತ್ಯೇಕವಾಗಿರುವುದೇ ಕ್ಷೇಮವೆಂದು ತಜ್ಞರು ತೀರ್ಮಾನಿಸಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗದಿಂದ ದಕ್ಷಿಣವೂ ಅದೇ ಜಾಲದಲ್ಲಿ ಸೇರಿತು. ಭೂತಾನದ ಸ್ಥಾವರಗಳೂ ಆ ಜಾಲದಲ್ಲಿಯೇ ಇರುವುದರಿಂದ, ಅಂದಿನಿಂದ ಶರಾವತಿಯ ಯಂತ್ರವೂ ವಾಂಗ್‌ಛುವಿನ ಯಂತ್ರವೂ ಒಂದೇ ಲಯಕ್ಕೆ ತಿರುಗುತ್ತಿವೆ. ಬಾಂಗ್ಲಾದೇಶದೊಡನೆ ಬೇರೆ ಬಗೆ. ಅಲ್ಲಿ ಬಹರಾಂಪುರ-ಭೇಡಾಮಾರಾ ನಡುವೆ 2013ರಲ್ಲಿ ತೆರೆದ ಮಾರ್ಗದಲ್ಲಿ ವಿದ್ಯುತ್ತನ್ನು ಏಕಮುಖ ಪ್ರವಾಹವಾಗಿ ಮಾರ್ಪಡಿಸಿ, ಮತ್ತೆ ಮೊದಲಿನ ರೂಪಕ್ಕೆ ತಂದು ದಾಟಿಸುತ್ತಾರೆ. ನಡುವೆ ಬಾಗಿಲಿರುವ ಜೋಡುಮನೆಯಂತೆ, ಒಂದು ಮನೆಯ ಲಯಭಂಗ ಇನ್ನೊಂದಕ್ಕೆ ನುಗ್ಗದು.

ತಂತಿಯ ಭಯಕ್ಕಿಂತ ಮನುಷ್ಯರ ಭಯ ದೊಡ್ಡದು. 2015ರ ಕೊನೆಯ ತಿಂಗಳುಗಳಲ್ಲಿ ಗಡಿಯಲ್ಲಿ ಸರಕು ನಿಂತು ನೇಪಾಳದ ಅಡುಗೆಮನೆಗಳಲ್ಲಿ ಅನಿಲ ಬರಿದಾದುದನ್ನು ಅಲ್ಲಿಯವರು ಮರೆತಿಲ್ಲ. 2024ರಲ್ಲಿ ಹಣ ಬಾಕಿಯಾಯಿತೆಂದು ಜಾರ್ಖಂಡದ ಖಾಸಗಿ ಸ್ಥಾವರವೊಂದು ಬಾಂಗ್ಲಾದೇಶಕ್ಕೆ ಕೊಡುವ ವಿದ್ಯುತ್ತನ್ನು ಅರ್ಧದಷ್ಟು ತಗ್ಗಿಸಿತು. ಚೀನದ ಬಂಡವಾಳ ಸೇರಿದ ಸ್ಥಾವರಗಳ ವಿದ್ಯುತ್ತನ್ನು ಭಾರತ ಕೊಳ್ಳದಿರುವುದರಿಂದ ನೇಪಾಳದ ಕೆಲವು ಯೋಜನೆಗಳಿಗೆ ಮಾರುಕಟ್ಟೆ ದಕ್ಕದಾಗಿದೆ. ಕೊಳ್ಳುವವನು ಒಬ್ಬನೇ ಆದಲ್ಲಿ ಮಾರುವವನ ಧ್ವನಿ ಕುಗ್ಗುತ್ತದೆ. ಮಾರುವವನು ಒಬ್ಬನೇ ಆದಲ್ಲಿ ಕೊಳ್ಳುವವನ ನಿದ್ದೆ ಕೆಡುತ್ತದೆ. ಇಬ್ಬರ ನಡುವಣ ನಂಟಿಗೆ ಮೂರನೆಯವರೂ ನಾಲ್ಕನೆಯವರೂ ಸೇರಿದಾಗಲೇ ತಕ್ಕಡಿ ಸಮನಾಗುವ ಸಂಭವ ಹೆಚ್ಚು.

ಆ ದಿಕ್ಕಿನಲ್ಲಿ ಒಂದು ಸಣ್ಣ ಆರಂಭ ಆಗಿದೆ. 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ನೇಪಾಳ, ಭಾರತ, ಬಾಂಗ್ಲಾದೇಶಗಳ ಸಂಸ್ಥೆಗಳು ಕೂಡಿ ಸಹಿ ಮಾಡಿದ ಕರಾರಿನಂತೆ, ನೇಪಾಳದ 40 ಮೆಗಾವಾಟ್ ವಿದ್ಯುತ್ತು ಭಾರತದ ತಂತಿಗಳಲ್ಲಿ ಹಾದು ಬಾಂಗ್ಲಾದೇಶವನ್ನು ಮುಟ್ಟುತ್ತದೆ. ಅದೇ ನವೆಂಬರ್ 15ರಂದು ಮೊದಲ ಬಾರಿಗೆ ಒಂದು ದಿನದ ಮಟ್ಟಿಗೆ ಅದು ಹರಿಯಿತು. 2025ರ ಜೂನಿನಿಂದ ಋತುಮಾನಕ್ಕೆ ತಕ್ಕಂತೆ ಹರಿಯುವುದು ಮೊದಲಾಯಿತು. ಪ್ರಮಾಣ ಅತ್ಯಲ್ಪ, ತಾಲಾದ ಒಂದು ಯಂತ್ರದ ಕಾಲುಭಾಗಕ್ಕೂ ಕಡಿಮೆ. ಕರಾರಿನ ಅವಧಿ ವರ್ಷಕ್ಕೆ ಐದೇ ತಿಂಗಳು, ಜೂನ್ 15ರಿಂದ ನವೆಂಬರ್ 15ರವರೆಗೆ. ಅದಾದ ಮೇಲೆ ನೇಪಾಳದ ಹೊಳೆಗಳ ನೆರೆ ಇಳಿಯುತ್ತದೆ. ಢಲ್ಕೆಬಾರಿನ ತಂತಿಯಲ್ಲಿ ವಿದ್ಯುತ್ತು ಮತ್ತೆ ದಕ್ಷಿಣದಿಂದ ಉತ್ತರಕ್ಕೆ ಹರಿಯತೊಡಗುತ್ತದೆ.