ಆಚರಣೆಯ ಹೂವು ಅಂದಮಾತ್ರಕ್ಕೆ ಕಷಾಯ ಮಾಡಿ ಕುಡಿಯಬಹುದೇ?

“ಸಾವಿರಾರು ವರ್ಷಗಳಿಂದ ಆಚರಣೆಯಲ್ಲಿ ಬಳಸುತ್ತಿರುವ ಹೂವು, ಪೂರ್ತಿ ನೈಸರ್ಗಿಕ, ಅಡ್ಡಪರಿಣಾಮವೇ ಇಲ್ಲ.” ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಯುರೋಪಿನ ವಸಂತದ ಹಬ್ಬಗಳನ್ನು ನೋಡಿದರೆ ಈ ಮಾತು ಎಷ್ಟು ಟೊಳ್ಳು ಎಂದು ಗೊತ್ತಾಗುತ್ತದೆ.

ಕ್ರೈಸ್ತ ಧರ್ಮ ಬರುವ ಮುಂಚೆ ಅಲ್ಲಿದ್ದ ಪ್ರಕೃತಿ ಆರಾಧನೆಯನ್ನು ಮತ್ತೆ ಆಚರಿಸುವವರು ತಮ್ಮನ್ನು ಪೇಗನ್ನರು ಎಂದು ಕರೆದುಕೊಳ್ಳುತ್ತಾರೆ. ಅವರಿಗೆ ವಸಂತದಲ್ಲಿ ಎರಡು ದೊಡ್ಡ ಹಬ್ಬ. ಹಗಲು ರಾತ್ರಿ ಸಮವಾಗುವ ಮಾರ್ಚ್ 20ರ ಆಸುಪಾಸಿನಲ್ಲಿ ಒಸ್ಟಾರಾ, ಮೇ 1ಕ್ಕೆ ಬೆಲ್ಟೇನ್.

ಬೆಲ್ಟೇನ್ ನಿಜಕ್ಕೂ ಹಳೆಯದು. ಎರಡು ಬೆಂಕಿಯ ನಡುವೆ ದನಗಳನ್ನು ಹಾಯಿಸುತ್ತಿದ್ದರು ಎಂದು ಐರ್ಲೆಂಡಿನ ಮಧ್ಯಯುಗದ ಬರಹಗಳಲ್ಲಿದೆ (ನಮ್ಮ ಸಂಕ್ರಾಂತಿಯ ಕಿಚ್ಚು ನೆನಪಾಯಿತೇ?). ಒಸ್ಟಾರಾ ಕಥೆ ಬೇರೆ. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ಕ್ರಿ.ಶ. 725ರ ಪುಸ್ತಕದಲ್ಲಿ ಈಯೋಸ್ಟ್ರೆ ಎಂಬ ದೇವತೆಯ ಹೆಸರು ಹೇಳಿ ಮುಂದೆ ಹೋಗುತ್ತಾನೆ. ಹೂವು, ಮೊಟ್ಟೆ, ಮೊಲದ ಸುದ್ದಿಯೇ ಇಲ್ಲ. ಹಬ್ಬಕ್ಕೆ ಒಸ್ಟಾರಾ ಎಂಬ ಹೆಸರಿಟ್ಟದ್ದು ಅಮೆರಿಕದ ಏಡನ್ ಕೆಲ್ಲಿ, 1970ರ ದಶಕದಲ್ಲಿ.

ಬೆಲ್ಟೇನ್‌ನ ಮುಖ್ಯ ಹೂವು ಹಾಥಾರ್ನ್, ಮುಳ್ಳುಗಿಡದ ಬಿಳಿ ಹೂಗೊಂಚಲು. ಬಾಗಿಲ ಹೊರಗೆ ಕಟ್ಟುತ್ತಾರೆ. ಒಳಗೆ ತಂದರೆ ಮನೆಯಲ್ಲಿ ಸಾವಾಗುತ್ತದೆ ಎಂಬ ನಂಬಿಕೆ ಬ್ರಿಟನ್ನಿನ ಹಳ್ಳಿಗಳಲ್ಲಿತ್ತು. ಇದರ ಹಿಂದೆ ರಸಾಯನಶಾಸ್ತ್ರ ಇರಬಹುದು. ಈ ಹೂವಿನಲ್ಲಿ ಟ್ರೈಮೀಥೈಲಮೀನ್ ಇದೆ. ಹಳಸಿದ ಮೀನಿನ, ಕೊಳೆಯುವ ಮಾಂಸದ ವಾಸನೆಯಲ್ಲಿರುವುದೂ ಅದೇ. ಸತ್ತವರನ್ನು ದಿನಗಟ್ಟಲೆ ಮನೆಯಲ್ಲೇ ಇಡುತ್ತಿದ್ದ ಕಾಲದಲ್ಲಿ ಆ ವಾಸನೆ ಯಾವುದನ್ನು ನೆನಪಿಸುತ್ತಿತ್ತೋ ಊಹಿಸಿಕೊಳ್ಳಿ. ಇನ್ನೊಂದು ತಮಾಷೆ: 1752ರಲ್ಲಿ ಬ್ರಿಟನ್ ಕ್ಯಾಲೆಂಡರಿನಿಂದ 11 ದಿನ ತೆಗೆದುಹಾಕಿತು. ಹಬ್ಬ ಹಿಂದಕ್ಕೆ ಬಂತು, ಗಿಡ ಬರಲಿಲ್ಲ. ಹಾಗಾಗಿ ಎಷ್ಟೋ ಕಡೆ ಮೇ 1ಕ್ಕೆ ಹೂವೇ ಅರಳಿರುವುದಿಲ್ಲ.

ನಿಜವಾಗಿ ಹೆದರಬೇಕಾದ್ದು ಲಿಲಿ ಆಫ್ ದ ವ್ಯಾಲಿಗೆ. ಸಣ್ಣ ಗಂಟೆಗಳ ಹಾಗೆ ತೂಗುವ, ಘಮಘಮಿಸುವ ಬಿಳಿ ಹೂವು. ಫ್ರಾನ್ಸಿನಲ್ಲಿ ಮೇ 1ರಂದು ಒಳ್ಳೆಯದಾಗಲಿ ಎಂದು ಇದನ್ನು ಒಬ್ಬರಿಗೊಬ್ಬರು ಕೊಡುತ್ತಾರೆ. ಕೊಡುವುದರಿಂದ ತೊಂದರೆಯಿಲ್ಲ, ತಿಂದರೆ ಇದೆ. ಗಿಡದ ಎಲ್ಲ ಭಾಗವೂ ವಿಷ. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳತರುವ ಪುಟ್ಟ ಪಂಪ್‌ಗಳಿವೆ. ಇದರಲ್ಲಿರುವ ಕಾನ್ವಲಾಟಾಕ್ಸಿನ್ ಅವನ್ನು ತಡೆಹಿಡಿಯುತ್ತದೆ. ಮೊದಲು ವಾಂತಿ, ತಲೆಸುತ್ತು. ಆಮೇಲೆ ಹೃದಯದ ಬಡಿತ ನಿಧಾನವಾಗಿ ತಾಳ ತಪ್ಪುತ್ತದೆ. ಕಷಾಯ ಮಾಡಿದರೆ ವಿಷ ಹೋಗುವುದಿಲ್ಲ, ನೀರಿಗೆ ಇಳಿಯುತ್ತದೆ.

ಅದೇ ಹೊತ್ತಿಗೆ ಅಲ್ಲಿನ ಕಾಡಿನಲ್ಲಿ ತಿನ್ನುವ ಕಾಡು ಬೆಳ್ಳುಳ್ಳಿಯೂ ಚಿಗುರುತ್ತದೆ. ಎರಡರ ಎಲೆ ನೋಡಲು ಒಂದೇ ಥರ. ಮೂಸಿ ನೋಡಿ ಎನ್ನುತ್ತಾರೆ, ಆದರೆ ನಾಲ್ಕು ಎಲೆ ಕಿತ್ತ ಮೇಲೆ ಕೈಯೆಲ್ಲ ಬೆಳ್ಳುಳ್ಳಿ ವಾಸನೆ, ಯಾವ ಎಲೆ ಮೂಸಿದರೂ ಅದೇ!

“ಹೃದಯದ ಔಷಧಿಯನ್ನೂ ಇಂಥ ಗಿಡದಿಂದಲೇ ಮಾಡುತ್ತಾರಲ್ಲ?” ಹೌದು. ಫಾಕ್ಸ್‌ಗ್ಲೋವ್ ಗಿಡದ ಔಷಧಿ ಬಗ್ಗೆ ವಿಲಿಯಂ ವಿದರಿಂಗ್ 1785ರಲ್ಲೇ ಬರೆದ. ಆದರೆ ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಮಾತ್ರೆಯಲ್ಲಿ ಎಷ್ಟಿದೆ ಎಂದು ಬರೆದಿರುತ್ತದೆ, ಎಲೆಯ ಮೇಲೆ ಬರೆದಿರುವುದಿಲ್ಲ.

ನಮ್ಮ ಹಿತ್ತಿಲಲ್ಲೂ ಇದೇ ಜಾತಿಯ ವಿಷವಿದೆ: ಕಣಗಿಲೆ. ದೇವರಿಗೆ ಏರಿಸುತ್ತೇವೆ, ಬಾಯಿಗೆ ಹಾಕುವುದಿಲ್ಲ. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವು ಬೇಡ ಎಂದಿತು. ಅಲ್ಲಿ ಇದರ ಹೆಸರು ‘ಅರಳಿ’. ನಮ್ಮ ಅರಳಿ ಮರ ಎಂದುಕೊಂಡು ಗಾಬರಿಯಾಗಬೇಡಿ.

ಯಾರಾದರೂ, ಅದರಲ್ಲೂ ಮಕ್ಕಳು, ಇಂಥ ಹೂವು ಅಥವಾ ಎಲೆ ತಿಂದಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ಬಾಯಿಯಲ್ಲಿ ಉಳಿದದ್ದನ್ನು ತೆಗೆದು, ಗಿಡದ ತುಂಡೊಂದನ್ನು ಕವರಿನಲ್ಲಿ ಹಾಕಿಕೊಂಡು ತಕ್ಷಣ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಈಗ ಆರಾಮವಾಗಿದ್ದಾರೆ ಎಂದು ಕಾಯಬೇಡಿ; ಹೃದಯದ ತೊಂದರೆ ಕೆಲವು ಗಂಟೆಗಳ ನಂತರವೂ ಶುರುವಾಗಬಹುದು.